ಟ್ರ್ಯಾಕ್ಟರ್ ತುಳಿಯದ ತಗಡು

ಲಾಡ್ಲೆಸಾಬ ನಾಲಬಂದ ಅಫಜಲಪುರ ಸೀಮೆಯ ಎತ್ತುಗಳ ಗೊರಸಿಗೆಲ್ಲ ನಾಲು, ಅಂದರೆ ಲಾಳ, ಹೊಡೆದವನು. ಎಂಥ ಒದೆಯುವ ಹೋರಿಯನ್ನೂ ಒಂದೇ ಹಗ್ಗದಲ್ಲಿ ಕೆಡವಿ, ಅದು ಉಸಿರು ತಿರುಗಿಸಿಕೊಳ್ಳುವುದರೊಳಗೆ ನಾಲ್ಕೂ ಕಾಲು ಮುಗಿಸುತ್ತಿದ್ದ. ಎತ್ತುಗಳು ಕಡಿಮೆಯಾದಾಗ ಅವನ ಮಗ ಇಮಾಮಸಾಬ ಕೈಕಟ್ಟಿ ಕೂರದೆ ಲಾರಿಗಳ ಭಾರಕ್ಕೆ ಬಾಗಿ ಏಳುವ ಕಮಾನು ಪಟ್ಟಿಗಳ ಕೆಲಸಕ್ಕೆ ಕೈಹಾಕಿದ. ಭೀಮಾ ಹೊಳೆ ಉಕ್ಕಿ ಘತ್ತರಗಿ ದಾರಿಯಲ್ಲಿ ಲಾರಿ ಸಿಕ್ಕಿಬಿದ್ದಾಗ ಎದೆಮಟ್ಟ ನೀರಿನಲ್ಲಿ ನಿಂತು ಪಟ್ಟಿ ಬದಲಿಸಿದ. ಈ ಇಬ್ಬರ ಕುಲುಮೆಗೆ ವಾರಸುದಾರ ಇಮಾಮಸಾಬನ ಮಗ ಹಸನಸಾಬ. ಮೈತುಂಬ ಹಟ.

ಕರಜಗಿ ಕಡೆಯಿಂದ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಅವನ ಅಂಗಡಿ ಮುಂದಿನ ಚೌಕ ದಾಟಿ ಕಾರ್ಖಾನೆಗೆ ಹೋಗುತ್ತಿದ್ದವು. ಅಷ್ಟು ಭಾರ ಸುಮ್ಮನೆ ನೆಲಕ್ಕೆ ದಂಡವಾಗುತ್ತಿದೆಯಲ್ಲ ಎಂದು ಹಸನಸಾಬ ಹಳೆಯ ಪಟ್ಟಿಗಳ ಮೇಲೆ ದಪ್ಪ ತಗಡು ಕೂರಿಸಿ ರಸ್ತೆಯಲ್ಲಿ ಹುಗಿದ. ಗಾಲಿ ಹತ್ತಿದರೆ ತಗಡು ಕುಸಿದು ಏಳುತ್ತಿತ್ತು, ಕೆಳಗಿನ ಸರಪಳಿ ಡೈನಮೋ ತಿರುಗಿಸುತ್ತಿತ್ತು, ಅಂಗಡಿಯ ಬಲ್ಬು ಹತ್ತುತ್ತಿತ್ತು.

ಬೀದಿದೀಪದ ಗುತ್ತಿಗೆ ಹಿಡಿದಿದ್ದ ನಂದಕಿಶೋರ ಬಂದು, ಚಹಾ ಕುಡಿದು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋದ. ಮಳೆಗಾಲ ಕಳೆಯುವಷ್ಟರಲ್ಲಿ ಆ ತಗಡನ್ನು ಕಿತ್ತು ಗುಜರಿಗೆ ಎಸೆದು, ಅದೇ ಜಾಗದಲ್ಲಿ ಅಂಥದೇ ಹೊಸತು ಕೂರಿಸಿ, ಚೌಕದ ದೀಪಗಳಿಗೆ ತಂತಿ ಎಳೆಸಿದ. ‘ಸ್ಮಾರ್ಟ್ ಚೌಕ. ಸಂಶೋಧಕ ನಂದಕಿಶೋರ’ ಎಂದು ಫಲಕ ಎದ್ದಿತು. ಉದ್ಘಾಟನೆಯ ದಿನ ಹತ್ತಿರ ಬಂದ ಹಸನಸಾಬನಿಗೆ, “ಫೋಟೋದಾಗ ಅಡ್ಡ ಬರಬ್ಯಾಡೋ ಮಿಸ್ತ್ರಿ, ಹಿಂದ ನಿಂದ್ರು” ಎಂದು ಎಲ್ಲರೆದುರು ತೋಳು ಹಿಡಿದು ತಳ್ಳಿದ.

ಹಸನಸಾಬ ಜಗಳವಾಡಲಿಲ್ಲ. ಒಳಗಿನ ಕಿಚ್ಚಿಗೆ ಬೂದಿ ಮುಚ್ಚಿ ಕಬ್ಬಿನ ಹಂಗಾಮಿಗೆ ಕಾದ.

ಟ್ರ್ಯಾಲಿಯ ಪಟ್ಟಿಗೆ ನಾಲಬಂದರ ಸುತ್ತಿಗೆಯ ಮೊದಲ ಏಟು ಬೀಳದೆ ಆ ಭಾಗದ ಡ್ರೈವರುಗಳು ಕಬ್ಬು ಹೇರುವುದಿಲ್ಲ. ಆ ವರ್ಷ ಹಸನಸಾಬ ಏಟಿಗೆ ಮುಂಚೆ ಒಬ್ಬೊಬ್ಬರಿಂದಲೂ ಆಣೆ ಹಾಕಿಸಿಕೊಂಡ: ಚೌಕದ ತಗಡು ತುಳಿಯಬಾರದು. ಎಲ್ಲರೂ ಪಟ್ಟಿ ಮುಟ್ಟಿ ಒಪ್ಪಿದರು. ಹಿರಿಯ ಡ್ರೈವರ್ ಖಂಡಪ್ಪ ನಕ್ಕು, “ಕೆನಾಲ ದಾರಿ ಸುತ್ತ ಆದ್ರೂ ಆಗ್ಲಿ ಸಾಬರ. ಅವನ ತಗಡು ನಾಯಿ ಮಲಗಾಕ ಇರ್ಲಿ” ಎಂದ.

ಬೈಕು, ಆಟೋಗಳ ಭಾರಕ್ಕೆ ತಗಡು ಮಿಸುಕಲಿಲ್ಲ, ಚೌಕದ ದೀಪ ಹತ್ತಲಿಲ್ಲ. ಜೇವರ್ಗಿಗೂ ಆಳಂದಕ್ಕೂ ಇಂಥದೇ ಬೇಕೆಂದು ನೋಡಲು ಬಂದ ಅಧಿಕಾರಿಗಳು ಮುಸ್ಸಂಜೆಯ ಮಬ್ಬಿನಲ್ಲಿ ಮೊಬೈಲ್ ಬೆಳಕು ಹಿಡಿದು ಫಲಕ ಓದಿ ಜೀಪು ಹತ್ತಿದರು. ನಂದಕಿಶೋರನ ಮುಂದಿನ ಕೆಲಸಗಳು ಅಲ್ಲಿಗೇ ನಿಂತವು. ಹಸನಸಾಬ ಬಾಗಿಲಲ್ಲಿ ನಿಂತು ಕಣ್ಣುತುಂಬ ನೋಡಿದ. ಅಂದಿನ ರೊಟ್ಟಿ ಅವನಿಗೆ ಬಹಳ ರುಚಿಸಿತು.

ಆದರೆ ಚೌಕಕ್ಕೆ ಬಾರದ ಟ್ರ್ಯಾಕ್ಟರ್ ಅಂಗಡಿಗೂ ಬರಲಿಲ್ಲ. ದಾರಿಯಲ್ಲಿ ಮುರಿದ ಪಟ್ಟಿಗಳು ಕಾಲುವೆ ಪಕ್ಕ ಹೊಸದಾಗಿ ಎದ್ದ ಅಂಗಡಿಗೆ ಹೋದವು. ಕುಲುಮೆ ತಣ್ಣಗಾಯಿತು. “ಸೇಡು ಕುದಿಸಿ ಬಡಸ್ಲೇನ್ರಿ ಊಟಕ್ಕ?” ಎಂದು ಹೆಂಡತಿ ಅಖ್ತರಬೇಗಂ ಕುಟುಕಿದಳು.

ಕೊನೆಗೆ ನಂದಕಿಶೋರನೇ ಬಂದ. ಫಲಕದಲ್ಲಿ ತನ್ನ ಹೆಸರಿನ ಕೆಳಗೆ ಹಸನಸಾಬನದೂ ಬರೆಸುತ್ತೇನೆ, ತಗಡು ನೋಡಿಕೊಳ್ಳುವ ನೌಕರಿ ಕೊಡಿಸುತ್ತೇನೆ, ಅಂಗಡಿಗೆ ಪುಕ್ಕಟೆ ದೀಪ ಎಳೆಸುತ್ತೇನೆ, ಡ್ರೈವರುಗಳಿಗೆ ಒಂದು ಮಾತು ಹೇಳಿದರೆ ಸಾಕು ಎಂದ. ವಾಯರಿನ ಸುರುಳಿ ಹೆಗಲ ಮೇಲೇ ಇತ್ತು. ಪರದೆಯ ಹಿಂದೆ ಅಖ್ತರಬೇಗಂ ಒಪ್ಪಿಕೊಳ್ಳಿ ಎಂಬಂತೆ ಕೆಮ್ಮಿದಳು.

ಹಸನಸಾಬ ಕೂತಲ್ಲಿಂದ ಏಳಲಿಲ್ಲ.

“ನಿನ್ನ ಹೆಸರಿನ ಬುಡಕ್ಕ ನನ್ನ ಹೆಸರು ಬ್ಯಾಡ. ನೌಕರಿನೂ ಬ್ಯಾಡ. ಉಪಾಸ ಬಿದ್ರೂ ಬೀಳ್ತೇನಿ, ನೀ ಹಚ್ಚಿದ ದೀಪದ ಬೆಳಕಿನ್ಯಾಗ ತುತ್ತು ಎತ್ತಂಗಿಲ್ಲ. ವಾಯರು ಸುತ್ತಕೊಂಡು ನಡಿ.”