ಗೀಟು ಬೀಳದ ಸಾಲು

ನನ್ನ ಟ್ರಂಕಿನಲ್ಲಿ ಎರಡು ಹಳದಿ ಹಾಳೆಗಳಿವೆ. ಔರಾದಿನ ನಮ್ಮ ಹೈಸ್ಕೂಲಿನ ವಿಜ್ಞಾನದ ಸರ್ ಚರ್ಚಾಸ್ಪರ್ಧೆಗೆಂದು ಬರೆದ ಭಾಷಣಗಳು. ಬಾಹ್ಯಾಕಾಶ ಸಂಶೋಧನೆಗೆ ಸರ್ಕಾರ ಇಷ್ಟೊಂದು ಹಣ ಕೊಡುವುದು ಸರಿಯೇ ಎಂಬುದು ವಿಷಯ. ಒಂದು ಹಾಳೆ ಪರ, ಇನ್ನೊಂದು ವಿರೋಧ. ಬಜೆಟ್ಟಿನ ಮರುದಿನ ಸರ್ ಪತ್ರಿಕೆ ನೋಡಿ, ಪರದ ಹಾಳೆಯಲ್ಲಿನ ಮೊತ್ತಕ್ಕೆ ಗೀಟು ಹಾಕಿ ಹೊಸದನ್ನು ಬರೆಯುತ್ತಿದ್ದರು. ಈಗ ಭಾಲ್ಕಿಯಲ್ಲಿ ನಾನೂ ಶಿಕ್ಷಕಿ, ಆ ಕೆಲಸ ನನಗೆ ಬಂದಿದೆ. ಮೊತ್ತ ಒಮ್ಮೊಮ್ಮೆ ಇಳಿದರೂ ಏರಿದ್ದೇ ಹೆಚ್ಚು. ಬರೆಯಲು ಅಂಚಿನಲ್ಲೂ ಜಾಗ ಉಳಿದಿಲ್ಲ.

ವಿರೋಧದ ಹಾಳೆ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದು ಶುರುವಾಗಿ, ‘ಈ ವರ್ಷವೂ ನಮ್ಮ ತಾಲೂಕಿನ ಜನ ಮಳೆಯಿಲ್ಲದೆ ಊರು ಬಿಡುತ್ತಿದ್ದಾರೆ’ ಎಂದು ಮುಗಿಯುತ್ತದೆ. ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ನಾನು ಹತ್ತನೆಯಲ್ಲಿದ್ದ ಬರಗಾಲದ ವರ್ಷ ಪರ ನನಗೆ ಬಂತು. ವಿರೋಧ, ನನ್ನ ಬೆಂಚಿನ ಚಿಂತಾಕಿಯ ಗೆಳತಿಗೆ. ಶನಿವಾರ ಬೀದರಿನಲ್ಲಿ ಸ್ಪರ್ಧೆ. ಪರವೋ ವಿರೋಧವೋ, ಬಹುಮಾನ ಒಂದೇ. ಕ್ಲಾಸಿನ ತಾಲೀಮಿನಲ್ಲಿ, ಉಪಗ್ರಹ ಮೋಡವನ್ನು ಮೊದಲೇ ಕಂಡುಹಿಡಿಯುತ್ತದೆ ಎಂದು ನಾನು ಕೈ ಬೀಸಿ ಗುಡುಗುತ್ತಿದ್ದೆ. ಅವಳು ಕೊನೆಯ ಸಾಲನ್ನು ಹಾಜರಿ ಕೂಗಿದಂತೆ ಹೇಳಿಬಿಡುತ್ತಿದ್ದಳು.

“ಜರಾ ಸಂಕಟ ತಂದ ಹೇಳವ್ವಾ,” ಎಂದರು ಸರ್.

“ನಾವೂ ಬೇಸ್ತವಾರ ಹೈದರಾಬಾದಿಗಿ ಹೊಂಟೀವ್ರಿ ಸರ. ಅಪ್ಪಗ ಕಟ್ಟಡದ ಕೆಲಸ ಸಿಕ್ಕದರಿ.”

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಮಾತ್ರ ಹೊಟ್ಟೆ ಉರಿಯಿತು. ಕೈ ಬೀಸದೆ, ದನಿ ಏರಿಸದೆ ಅವಳು ನನ್ನನ್ನು ಸೋಲಿಸಿಬಿಟ್ಟಿದ್ದಳು.

ಅಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ಕೈ ಹಿಡಿದಳು.

“ಶನಿವಾರ ತನಕ ನಿಮ್ಮ ಮನ್ಯಾಗ ಇರ್ಲೇನ? ಒಮ್ಮೆ ಬೀದರದಾಗ ಮಾತಾಡಿ, ಐತವಾರ ನಮ್ಮ ಕಾಕಾನ ಸಂಗಟ ಹೋಗ್ತೇನಿ. ಅಪ್ಪ ಹೂಂ ಅಂದಾನ.”

“ಅವ್ವಗ ಕೇಳಿ ಹೇಳ್ತೇನಿ,” ಎಂದೆ.

ಕೇಳಲಿಲ್ಲ. ಮರೆತೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಪ್ಪಟ ಸುಳ್ಳು. ಮರುದಿನ ಅವಳ ಮುಖ ನೋಡದೆ “ಅವ್ವ ಬ್ಯಾಡ ಅಂದಾಳ” ಎಂದೆ. ಅವಳು ಜಗಳವಾಡಲಿಲ್ಲ. ಹಾಳೆ ಮಡಚಿ ನನ್ನ ಕೈಗಿಟ್ಟು, “ಸರಗ ಕೊಡು” ಎಂದಳು. ಅದನ್ನು ಸರ್‌ಗೆ ಕೊಡುವ ಧೈರ್ಯವೂ ನನಗಾಗಲಿಲ್ಲ. ಬೇಸ್ತವಾರ ಬೆಂಚಿನ ಅರ್ಧ ಖಾಲಿಯಾಯಿತು, ಮತ್ತೆಂದೂ ಅವಳನ್ನು ನಾನು ನೋಡಲಿಲ್ಲ.

ಶನಿವಾರ ನಾನು ಗೆದ್ದೆ. ಬಹುಮಾನದ ಸ್ಟೀಲ್ ತಂಬಿಗೆ ಹಿಡಿದು ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತಿದ್ದಳು. ನನ್ನ ಹಿಂದೆ ಬಾಗಿಲ ಕಡೆ ಇಣುಕಿ ನೋಡಿದಳು.

“ಚಿಂತಾಕಿ ಹುಡುಗಿ ಎಲ್ಲಿ? ಇಬ್ಬರೂ ಹಸಗೊಂಡ ಬರ್ತೀರಿ ಅಂತ ಅಕಿಗೂ ನಾಕ ರೊಟ್ಟಿ ಬಡದೇನಿ.”

ಆ ರೊಟ್ಟಿಗಳನ್ನೂ ನಾನೇ ತಿಂದೆ.