ಅತ್ತೆಯ ಗಾಯಕ್ಕೆ ಹಚ್ಚಿದ ಎಣ್ಣೆ

ಜಯಾ, ನಿಮ್ಮವ್ವನನ್ನು ಕ್ಯಾನ್ಸರ್ ಕೊಲ್ಲಲಿಲ್ಲ, ಆಪರೇಶನ್ನೂ ಕೊಲ್ಲಲಿಲ್ಲ. ಹೊಟ್ಟೆಯ ಮೇಲಿನ ಗಾಯಕ್ಕೆ ನಂಜಾಗಿ ಸತ್ತರು. ನಂಜಾಗುತ್ತಿರುವುದು ನನಗೆ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಹೆದರಿಕೆಯಿಂದಲ್ಲ. ಬಿಡಬಾರದು ಎಂದೇ ಬಿಡಲಿಲ್ಲ.

ಈ ಮಾತು ನನ್ನ ಜೊತೆಗೇ ಮಣ್ಣಾಗಲಿ ಎಂದುಕೊಂಡಿದ್ದೆ. ಆದರೆ ಈಗ ನಿನಗೂ ಅದೇ ಗರ್ಭಕೋಶದ ಕಾಯಿಲೆ. ನೀನೋ, ತುರುವೇಕೆರೆಯ ಮನೆಯಲ್ಲಿ ಕೂತು, "ಕತ್ತರಿ ಹಾಕಿಸ್ಕಂಡೇ ನಮ್ಮವ್ವ ಹೋಗಿದ್ದು, ನಾನಂತೂ ಒಲ್ಲೆ ಬುಡಿ ಅತ್ಗೆ" ಎನ್ನುತ್ತೀಯ. ಆ ನಂಬಿಕೆಯನ್ನು ಊರಿಗೆ ಹಂಚಿದವಳು ನಾನೇ.

ಅತ್ತೆಯದು ತುಂಬಿದ ಮೈ — ನಿನ್ನದೂ ಹಾಗೆಯೇ. ನಮ್ಮ ಕಡೆ ಅದೊಂದು ಹೆಮ್ಮೆ. ತೋಟದ ಮನೆಯ ಯಜಮಾನಿ ಎಂದರೆ ಹೀಗಿರಬೇಕು, ಮೈಯಲ್ಲಿ ಕಸುವಿದೆ, ಗಾಯ ಬೇಗ ಮಾಯುತ್ತದೆ ಎಂದು ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹೇಳಿದ್ದೇ ಹೇಳಿದ್ದು. ಡಾಕ್ಟರು ಹೇಳಿದ್ದು ಬೇರೆ. ಬೆಂಗಳೂರಿನಿಂದ ಮನೆಗೆ ಕಳಿಸುವ ದಿನ ನಿಮ್ಮಣ್ಣ ರೈಲಿನ ಟಿಕೆಟ್ಟಿಗೆ ಹೋಗಿದ್ದರು. ಡಾಕ್ಟರು ನನ್ನೊಬ್ಬಳನ್ನೇ ಕರೆದರು. "ಗಡ್ಡೆ ಪೂರ್ತಿ ತೆಗೆದಿದೀವಮ್ಮ. ಆದರೆ ನಿಮ್ಮತ್ತೆಯ ಮೈ ಭಾರ. ಹೊಟ್ಟೆಯಲ್ಲಿ ಕೊಬ್ಬು ಜಾಸ್ತಿ ಇದ್ದೋರಿಗೆ ಹೊಲಿಗೆ ಕೂಡೋದು ನಿಧಾನ, ನಂಜಾಗೋದು ಸುಲಭ. ಹೊಟ್ಟೆಯ ಮಡಿಕೆಯೊಳಗೆ ಒಣಗಿರಬೇಕು. ಎಣ್ಣೆ ಗಿಣ್ಣೆ ಬೇಡ. ಕೆಂಪಾದರೆ, ನೀರು ಒಸರಿದರೆ, ಆ ದಿನವೇ ಕರ್ಕೊಂಡು ಬನ್ನಿ." ಆಗಲಿ ಎಂದು ತಲೆಯಾಡಿಸಿದೆ.

ಅರಳಗುಪ್ಪೆಗೆ ಬಂದ ಮಾರನೆಯ ದಿನವೇ ಅತ್ತೆ ಸೆರಗು ಸರಿಸಿ, "ನಮ್ಮ ಗಾಣದೆಣ್ಣೆ ಬುಟ್ಟು ಇನ್ಯಾವ ಔಸ್ದಿ ಬೇಕೇ? ತಗಂಬಂದು ಹಚ್ಚು" ಎಂದರು. ಸುಟ್ಟ ಬೆರಳಿಗೂ, ಕೂಸಿನ ನೆತ್ತಿಗೂ, ಎತ್ತಿನ ಹೆಗಲ ಹುಣ್ಣಿಗೂ ಅದೇ ಕೊಬ್ಬರಿ ಎಣ್ಣೆ ಹಚ್ಚುವ ಊರು ನಮ್ಮದು. ಬೇಡ ಎನ್ನಲು ಬಾಯಿ ತೆರೆದೆ, ಜಯಾ. ತೆರೆದೆ —

ಆಗ ನನ್ನ ಬಾಣಂತನ ನೆನಪಾಯಿತು. ಜ್ವರದಲ್ಲಿ ನಡುಗುತ್ತ ಒಂದು ಲೋಟ ನೀರಿಗೆ ಅಂಗಲಾಚಿದ್ದೆ. "ಬಾಣಂತಿ ನೀರು ಕುಡುದ್ರೆ ನಂಜಾಯ್ತದೆ, ಸೋಗು ಹಾಕ್ಬ್ಯಾಡ" ಎಂದು ನಿಮ್ಮವ್ವ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು. ನನ್ನ ಹಾಲು ಬತ್ತಿತು. ಕೂಸು ಅತ್ತೂ ಅತ್ತೂ — ಏನಾಯಿತೆಂದು ನಿನಗೆ ಗೊತ್ತು. ಮಣ್ಣು ಮಾಡಿ ಬಂದವರೆದುರು ನಿಮ್ಮವ್ವ, "ನರಪೇತಲಿ, ಇವಳ ಎದೇಲಿ ಹಾಲು ಎಲ್ಲಿಂದ ಬಂದಾತು" ಎಂದರು. ನಾನು ಅತ್ತದ್ದಕ್ಕೂ ಬೈದರು.

ಉಪ್ಪು ತಿಂದವರು ನೀರು ಕುಡಿಯಲಿ ಎಂದುಕೊಂಡು ಎಣ್ಣೆ ತಂದೆ. ದಿನಾ ಬೆಳಿಗ್ಗೆ ನಾನೇ ಹೊಟ್ಟೆಯ ಮಡಿಕೆ ಎತ್ತಿ ಹಚ್ಚಿದೆ, ಮೇಲೆ ಬಟ್ಟೆ ಬಿಗಿದೆ. ಹೊಲಿಗೆಯ ಸುತ್ತ ಕೆಂಪೇರಿತು. ನೀರು ಒಸರಿತು. ಆಮೇಲೆ ವಾಸನೆ. ಆ ಬಟ್ಟೆ ಒಗೆಯುವಾಗ ನನಗೆ ಅಸಹ್ಯವಾಗಲಿಲ್ಲ — ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಬಂದ ನಿಮ್ಮಣ್ಣ, "ಅವ್ವನ ಗಾಯ ಹೆಂಗೈತೆ?" ಎಂದು ಕೇಳಿದರು.

"ಮಾಯ್ತಾ ಐತೆ" ಎಂದೆ.

ಚಳಿಜ್ವರ ಹತ್ತಿ ಮಾತು ತೊದಲತೊಡಗಿದ ಮೇಲೆ ಅವರನ್ನು ಮತ್ತೆ ಬೆಂಗಳೂರಿಗೆ ಹೊತ್ತೊಯ್ದರು. ಅದೇ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ನನ್ನ ಮುಖ ನೋಡಿದರು. "ಹೇಳಿರಲಿಲ್ವೇನಮ್ಮಾ?" ಎಂದರು. ನಿಮ್ಮಣ್ಣ ಔಷಧಿ ತರಲು ಹೋಗಿದ್ದರು, ಅದು ಅವರ ಕಿವಿಗೆ ಬೀಳಲಿಲ್ಲ. ಹೆಣ ಊರಿಗೆ ಬಂದಾಗ ಜನ, "ಕತ್ತರಿ ತಾಕಿದ್ರೆ ಕ್ಯಾನ್ಸರ್ ಕೆರಳ್ತದೆ ಕಣಪ್ಪ" ಎಂದು ಮಾತಾಡಿಕೊಂಡರು. "ಹೂಂ, ಡಾಕ್ಟ್ರೂ ಹಂಗೇ ಅಂದ್ರು" ಎಂದು ನಾನು ಸೇರಿಸಿದೆ.

ನಿಮ್ಮವ್ವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅವರಿಗಾಗಿ ಒಂದು ಹನಿ ಕಣ್ಣೀರು ಬರಲಿ ಎಂದು ಎಷ್ಟೋ ಸಲ ಕಾದೆ, ಬರಲಿಲ್ಲ. ಆದರೆ ನೀನು — ನನ್ನ ಕೂಸು ಹೋದಾಗ ಆ ಮನೆಯಲ್ಲಿ ನನ್ನ ಪಕ್ಕ ಕೂತು ಅತ್ತವಳು ನೀನೊಬ್ಬಳೇ. ಇನ್ನೂ ಮದುವೆಯಾಗದ ಹುಡುಗಿ ಆಗ. ಅತ್ತೆಗೆಂದು ನಾನು ಹಚ್ಚಿದ ಬೆಂಕಿ ಈಗ ನಿನ್ನ ಸೆರಗಿಗೆ ಹತ್ತಿದೆ. ಹೀಗಾಗಲೆಂದು ಬಯಸಿರಲಿಲ್ಲ ಎಂದರೆ ಯಾರು ಕೇಳಬೇಕು?

ನಿಮ್ಮಣ್ಣನಿಗೆ ಎಲ್ಲ ಹೇಳಿದ್ದೇನೆ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ. ನಾಳೆ ನಿನ್ನನ್ನು ಬೆಂಗಳೂರಿಗೆ ಕರೆದೊಯ್ಯಲು ಬರುತ್ತಾರೆ, ಹಟ ಮಾಡದೆ ಹೊರಡು. ಆಮೇಲೆ ಗಾಯವನ್ನು ಒಣಗಿಸಿಟ್ಟುಕೋ, ಎಣ್ಣೆ ಸೋಕಿಸಬೇಡ, ಕೆಂಪಾದರೆ ಮುಚ್ಚಿಡಬೇಡ. ಜೊತೆಗೆ ನಿನ್ನ ಮಗಳು ಇರಲಿ. ನಾನು ಬರುವುದಿಲ್ಲ, ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ. ನನ್ನನ್ನು ಶಪಿಸು ಜಯಾ, ಹೆಸರು ಹಿಡಿದು ಶಪಿಸು — ಆದರೆ ಬದುಕಿ ಬಂದು ಶಪಿಸು.