ಗಾಜಿನ ಹಿಂದೆ ಕಾಲು ಚಾಚಿದವಳು

ನಮ್ಮ ಬಟ್ಟೆ ಅಂಗಡಿಯಲ್ಲಿ ಯಜಮಾನರನ್ನು ಬಿಟ್ಟರೆ ಕೂರುವ ಹಕ್ಕಿದ್ದದ್ದು ಗಿರಾಕಿಗಳಿಗೆ ಮತ್ತು ಆಮೇಲೆ ಬಂದ ಒಂದು ಗೊಂಬೆಗೆ. ಕೆಲಸದವರಾದ ನಾವು ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ನಿಂತೇ ಇರಬೇಕಿತ್ತು. ಊಟವನ್ನೂ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತೇ ಮುಗಿಸುತ್ತಿದ್ದೆವು. "ಕೆಲಸದವರು ಕೂತಿದ್ರೆ ಗಿರಾಕಿಗೆ ಅಂಗಡಿ ಮುಳುಗ್ತಾ ಇದೆ ಅನ್ಸುತ್ತೆ" ಎನ್ನುವುದು ಯಜಮಾನರ ಮಾತು. ಇದನ್ನು ಹೇಳುವಾಗ ಅವರು ಯಾವತ್ತೂ ಕೂತೇ ಇರುತ್ತಿದ್ದರು.

ಗೊಂಬೆಯಕ್ಕ ನನ್ನ ಪಕ್ಕದ ಕೌಂಟರಿನವಳು. ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿದ ಗಾಜಿನ ಗೂಡಿನ ಗೊಂಬೆಗಳಿಗೆ ಬಟ್ಟೆ ತೊಡಿಸುವ ಕೆಲಸ ಅವಳದ್ದಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಗೊಂಬೆಯ ತೋಳು ಕಳಚಿ, ಅಂಗಿಯ ತೋಳಿನೊಳಗೆ ತೂರಿಸಿ, ಮತ್ತೆ ತಿರುಗಿಸಿ ಕೂರಿಸುವಾಗ ಅವುಗಳ ಜೊತೆ ಮಾತಾಡುತ್ತಿದ್ದಳು. "ತೋಳು ಸಡಿಲ ಬಿಡೇ ಬಿಂಕದವಳೇ, ನಿನಗೇನು ಮದುವೆ ಗೊತ್ತಾಗಿದ್ಯಾ?" ಎಂದು ಗದರುವುದು ಹಲಗೆಯ ಗೋಡೆಯಾಚೆಗಿನ ನಮಗೂ ಕೇಳುತ್ತಿತ್ತು. ಆ ಗೂಡಿಗೆ ಇದ್ದದ್ದು ಅಂಗಡಿಯ ಒಳಗಿನಿಂದ ಒಂದೇ ಪುಟ್ಟ ಬಾಗಿಲು, ಅದರ ಬೀಗದ ಕೈ ಅವಳ ಸೊಂಟದಲ್ಲಿ.

ಅವಳ ಎಡಗಾಲಿನ ಕತೆಯೇ ಬೇರೆ. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ನಾಲ್ಕು ಗಿರಾಕಿಗಳನ್ನು ನೋಡಿ ಬಂದರೂ ಆ ಗುಳಿ ಹಾಗೇ ಇರುತ್ತಿತ್ತು. "ಇದು ನನ್ನ ಕಾಲಲ್ಲ ಕಣೇ, ಯಾರದ್ದೋ ತಂದು ಜೋಡಿಸಿದ್ದಾರೆ" ಎಂದು ಒಮ್ಮೆ ಹೇಳಿದಳು. ದಿನವೂ ಗೊಂಬೆಗಳ ಕೈಕಾಲು ಕಳಚಿ ಜೋಡಿಸುವವಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬರಲಿಲ್ಲ.

ಕಣಕಾಲಿನ ಮೇಲೆ ಹುಣ್ಣಾಗಿ ನೀರು ಒಸರತೊಡಗಿದಾಗ ನಾನೇ ಜುಲುಮೆ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಪಾದದ ನಾಡಿ ಹಿಡಿದು ನೋಡಿ, ಯಂತ್ರವಿಟ್ಟು ಪರೀಕ್ಷೆ ಮಾಡಿ, ನಿಧಾನವಾಗಿ ಬಿಡಿಸಿ ಹೇಳಿದರು.

"ಕಾಲಿಗೆ ಇಳಿದ ರಕ್ತ ವಾಪಸ್ ಮೇಲೆ ಹತ್ತಬೇಕಲ್ಲ, ಅದು ಜಾರದ ಹಾಗೆ ರಕ್ತನಾಳದಲ್ಲಿ ಸಣ್ಣ ಸಣ್ಣ ಬಾಗಿಲು ಇರ್ತವೆ. ನಿಮ್ಮವು ಸಡಿಲ ಆಗಿವೆ. ವರ್ಷಗಟ್ಟಲೆ ಹಾಗೇ ಬಿಟ್ಟಿದ್ದಕ್ಕೆ ನೀರು ಹೀರಿ ಸಾಗಿಸೋ ದುಗ್ಧನಾಳಗಳೂ ಸೋತಿವೆ, ನೀರೆಲ್ಲ ಕಾಲಲ್ಲೇ ನಿಲ್ತಿದೆ. ಬಿಗಿ ಕಾಲುಚೀಲ ಹಾಕ್ಕೊಳ್ಳಿ. ಮಧ್ಯಾಹ್ನ ಅರ್ಧ ಗಂಟೆ ಆದ್ರೂ ಮಲಗಿ, ಕಾಲು ಎದೆಗಿಂತ ಎತ್ತರದಲ್ಲಿರಲಿ. ಪಾದ ಮೇಲೆ ಕೆಳಗೆ ಆಡಿಸ್ತಾ ಇರಿ."

"ನಿಂತೇ ಮಾಡೋ ಕೆಲಸ ಡಾಕ್ಟ್ರೇ."

"ಹಾಗಾದ್ರೆ ಈ ಹುಣ್ಣು ಒಣಗಲ್ಲ. ಒಳಗಿಳಿದ್ರೆ ಕಾಲು ಉಳಿಸ್ತೀನಿ ಅಂತ ನಾನು ಮಾತು ಕೊಡೋಕಾಗಲ್ಲ."

ಗಂಡ ತೀರಿಕೊಂಡ ಮನೆ, ಇನ್ನೂ ಓದುತ್ತಿರುವ ಮಗಳು. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ, ಬಿಡದಿದ್ದರೆ ಕಾಲು ಉಳಿಯುವುದಿಲ್ಲ. ಅಕ್ಕ ಧೈರ್ಯ ಮಾಡಿ ಯಜಮಾನರ ಹತ್ತಿರ ಹೋಗಿ, ಊಟದ ಹೊತ್ತಿನಲ್ಲಿ ಮಾತ್ರ ಕಾಲು ಮೇಲಿಟ್ಟುಕೊಳ್ಳಲು ಒಂದು ಬೆಂಚು ಕೇಳಿದಳು. ಅವರು ಬಿಲ್ಲುಗಳಿಂದ ತಲೆಯೆತ್ತದೆ, "ಇವತ್ತು ನಿನಗೆ ಬೆಂಚು, ನಾಳೆ ಎಲ್ಲರಿಗೂ ಮಂಚ. ಬಟ್ಟೆ ಇಳಿಬಿಟ್ಟು ನಿಂತ್ಕೋ, ಗಿರಾಕಿಗಳಿಗೆ ಕಾಲು ಕಾಣ್ಬಾರ್ದು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ತಲೆ ತಗ್ಗಿಸಿಕೊಂಡು ಗೂಡಿನೊಳಗೆ ಹೋದಳು.

ಆಗಷ್ಟೇ ಅಲ್ಲಿಗೊಂದು ಹೊಸ ಗೊಂಬೆ ಬಂದಿತ್ತು. ಉಳಿದವು ನಿಂತಿದ್ದರೆ ಇದು ಸೋಫಾದ ಮೇಲೆ ಮಲಗಿರುವ ಗೊಂಬೆ. ಎರಡೂ ಕಾಲು ಸೋಫಾದ ಎತ್ತರದ ಕೈಯ ಮೇಲೆ, ನಿದ್ದೆಗಣ್ಣು, ಮೈತುಂಬ ಸಡಿಲವಾದ ನಿಲುವಂಗಿ. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ.

ಕೆಲವು ದಿನಗಳ ನಂತರ ಊಟದ ಹೊತ್ತಿನಲ್ಲಿ ಹ್ಯಾಂಗರು ತರಲೆಂದು ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆ. ಪೆಟ್ಟಿಗೆಗಳ ಹಿಂದೆ, ಗೋಡೆಗೆ ಮುಖ ಮಾಡಿ, ಬೋಳು ತಲೆಯ ಹೆಂಗಸೊಬ್ಬಳು ಬಿದ್ದಿದ್ದಳು. ಹತ್ತಿರ ಹೋದರೆ ಅದು ಸೋಫಾದ ಗೊಂಬೆ. ಕೂದಲಿಲ್ಲ, ನಿಲುವಂಗಿಯಿಲ್ಲ. ಆದರೆ ಒಂದು ಗಳಿಗೆಯ ಹಿಂದೆ ಗಿರಾಕಿಯನ್ನು ಕಳಿಸಲು ಹೊರಗೆ ಹೋಗಿದ್ದಾಗ ಸೋಫಾದ ಮೇಲೆ ಗೊಂಬೆ ಮಲಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ರಸ್ತೆಗೆ ಓಡಿದೆ. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು. ಅಂಗೈ ಅಡ್ಡ ಹಿಡಿದು ಇಣುಕಿದೆ. ಗೊಂಬೆ ಇದ್ದ ಹಾಗೇ ಇತ್ತು: ಪೌಡರು ಬಳಿದ ಬಿಳಿಚು ಮುಖ, ಅರ್ಧ ಮುಚ್ಚಿದ ಕಣ್ಣು. ಸುತ್ತ ನಿಂತ ಗೊಂಬೆಗಳಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಆಮೇಲೆ ಎಡಪಾದ ಮೆಲ್ಲಗೆ ಮೇಲಕ್ಕೆ ಬಾಗಿತು. ಮೆಲ್ಲಗೆ ಕೆಳಕ್ಕೆ ಹೋಯಿತು. ಮತ್ತೆ ಮೇಲಕ್ಕೆ. ಮುಖದಲ್ಲಿ ಒಂದು ಗೆರೆಯೂ ಅಲುಗದೆ ಆ ಪಾದವೊಂದೇ ಬದುಕಿತ್ತು. ಅದು ಅಕ್ಕ ಎಂದು ತಲೆಗೆ ಹೊಳೆದ ಮೇಲೂ ನಾನು ಗಾಜಿನಿಂದ ಅಂಗೈ ತೆಗೆಯಲಿಲ್ಲ.

"ಊಟದ ಹೊತ್ತು ನಂದು ತಾನೇ?" ಎಂದಳು ಅಕ್ಕ, ಮುಖದ ಪೌಡರು ಒರೆಸಿಕೊಳ್ಳುತ್ತಾ. "ಎರಡು ತುತ್ತು ನುಂಗಿ ಹೋಗಿ ಮಲಗ್ತೀನಿ. ಯಾರಪ್ಪನ ಗಂಟು ಹೋಗುತ್ತೆ?"

"ಯಾರಾದ್ರೂ ನೋಡಿದ್ರೆ?"

"ಎಲ್ಲರೂ ನೋಡ್ತಾರೆ ಕಣೇ. ಅದೇ ನೋಡು ಸೋಜಿಗ."

ಹುಣ್ಣು ನಿಧಾನವಾಗಿ ಒಣಗುತ್ತಾ ಬಂತು. ಡಾಕ್ಟರಮ್ಮ ಬೆನ್ನು ತಟ್ಟಿದರು. ನನಗೇ ಒಳಗೊಳಗೆ ಅಳುಕು. ಅಕ್ಕ ಕೌಂಟರಿನಲ್ಲೂ ಅಲುಗಾಡದೆ ನಿಲ್ಲತೊಡಗಿದ್ದಳು. ಗಿರಾಕಿ ಹೆಂಗಸೊಬ್ಬಳು ಅವಳ ತೋಳಿನ ಬಟ್ಟೆ ಹಿಡಿದು ತಿರುವಿ ಬೆಲೆಚೀಟಿ ಹುಡುಕಿದಳು. "ನಂದು ಮಾರಾಟಕ್ಕಿಲ್ಲಮ್ಮ" ಎಂದು ಅಕ್ಕ ಬಾಯಿಬಿಟ್ಟಾಗ ಆಕೆ ಕಿಟಾರನೆ ಕಿರುಚಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ನಕ್ಕ ಮೇಲೆ ಯಾಕೋ ಸರಿಯೆನ್ನಿಸಲಿಲ್ಲ.

ಇನ್ನೊಂದು ದಿನ ಅವಳೇ ಹೇಳಿದಳು. "ಇವತ್ತು ಮಗಳು ಬಂದಿದ್ಲು. ಗಾಜಿನ ಹತ್ತಿರಾನೇ ನಿಂತು, ನನ್ನ ಮುಖಾನೇ ನೋಡ್ತಾ ಕೂದಲು ಸರಿ ಮಾಡ್ಕೊಂಡ್ಲು. ಆಮೇಲೆ ಹೊರಟುಹೋದ್ಲು. ಹೆತ್ತ ತಾಯಿ ಕಣೇ ನಾನು. ಕೂಗೋಣ ಅಂದ್ರೆ ಬಾಯಿ ಬರ್ಲಿಲ್ಲ. ಬಾಯಿ ಇದ್ಯೋ ಇಲ್ವೋ ಅನ್ನೋ ಹಾಗಾಯ್ತು." ಹೇಳುತ್ತಾ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ನನಗೆ ಭಯವಾಯಿತು. ಸಾಕು ಮಾಡಕ್ಕ ಎಂದೆ. ಹುಣ್ಣಿನ ಬಾಯಿ ಪೂರ್ತಿ ಮುಚ್ಚಲಿ ಎಂದಳು.

ಅಷ್ಟರಲ್ಲಿ ಬೀದಿಯಲ್ಲಿ ಸುದ್ದಿ ಹಬ್ಬಿತು. ತಾಯಿಯ ಸೊಂಟದಲ್ಲಿದ್ದ ಯಾವುದೋ ಮಗು ಗೊಂಬೆ ಕಾಲು ಆಡಿಸುತ್ತಿದೆ ಎಂದು ಬೆರಳು ತೋರಿಸಿ ಅತ್ತಿತಂತೆ. ಮರುದಿನ ಪಕ್ಕದ ಗಡಿಯಾರದ ಅಂಗಡಿಯವನೂ ಕಂಡೆನೆಂದ. ಮಧ್ಯಾಹ್ನವಾದರೆ ಗಾಜಿನ ಮುಂದೆ ಜನ, ಜನರ ಉಸಿರಿಗೆ ಮಂಜುಗಟ್ಟಿದ ಗಾಜು. ಇದೆಲ್ಲ ಯಜಮಾನರ ಕಿವಿಗೆ ಬೀಳದೆ ಇರುತ್ತದೆಯೇ?

ಅವರು ಬಂದ ದಿನ ಅಕ್ಕನ ಕಾಲುಚೀಲ ಒಗೆದದ್ದು ಒಣಗಿರಲಿಲ್ಲ, ನಿಲುವಂಗಿಯ ಅಂಚಿನಿಂದ ಬರಿ ಪಾದ ಹೊರಗೆ ಕಾಣುತ್ತಿತ್ತು. ಯಜಮಾನರು ಜನರ ನಡುವೆ ಕೈಕಟ್ಟಿ ನಿಂತರು. ಊಟದ ಹೊತ್ತು ಮುಗಿಯಿತು, ಅವರು ಕದಲಲಿಲ್ಲ. ಪಾದವೂ ಕದಲಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಯಿತು ಎಂದು ನಾನು ಅಂಗಡಿಯ ಬಾಗಿಲಿಂದ ಇಣುಕಿ ನೋಡುತ್ತಿದ್ದೆ. ಕೊನೆಗೆ ಅವರು ಮೇಜಿನ ಖಾನೆಯಿಂದ ಇನ್ನೊಂದು ಬೀಗದ ಕೈ ತಂದು, ನನ್ನನ್ನು ಕರೆದು, ಪುಟ್ಟ ಬಾಗಿಲು ತೆಗೆದರು.

ಒಳಗೆ ತಣ್ಣಗಿತ್ತು. ಹೊರಗೆ ಗಾಜಿನಾಚೆ ಜನರ ಬಾಯಿಗಳು ಸದ್ದಿಲ್ಲದೆ ಆಡುತ್ತಿದ್ದವು. ಯಜಮಾನರು ಸೋಫಾದ ಮೇಲೆ ಬಾಗಿ ಆ ಮುಖವನ್ನು ಗೇಣಳತೆಯಿಂದ ನೋಡಿದರು. ಅವರು ಗುರುತಿಸಲಿಲ್ಲ. ತೊಡೆಯುದ್ದ ಜಡೆಯ ಹುಡುಗಿಯಾಗಿ ಸೇರಿ, ನರೆ ಬರುವವರೆಗೆ ದಿನವೂ ಅವರಿಗೆ ನಮಸ್ಕಾರ ಹೇಳಿದ ಮುಖ ಅದು. ಅವರು ಆಮೇಲೆ ಕಾಲಿನ ಕಡೆ ಬಂದು, ಪ್ಲಾಸ್ಟಿಕ್ಕೋ ಸುಣ್ಣವೋ ನೋಡೋಣ ಎಂಬಂತೆ, ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು.

ಬೆರಳು ಇಳಿಯಿತು. ತೆಗೆದರು. ಗುಳಿ ಹಾಗೇ ಉಳಿಯಿತು, ಕಲಸಿದ ಹಿಟ್ಟಿನಲ್ಲಿ ಉಳಿದ ಹಾಗೆ. ಯಜಮಾನರು ಆ ಗುಳಿಯನ್ನು ನೋಡಿದರು, ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಟ್ಟು, ನಿಂತ ಗೊಂಬೆಯೊಂದಕ್ಕೆ ಡಿಕ್ಕಿ ಹೊಡೆದು, ಅದಕ್ಕೆ ಕೈಮುಗಿದು ಹೊರಗೆ ಓಡಿದರು.

"ತಣ್ಣಗಿದೆ" ಎಂದಷ್ಟೇ ಹೇಳಿದರು ನನಗೆ. "ಪರದೆ ಎಳೆದುಬಿಡು. ಇನ್ಮೇಲೆ ಮಧ್ಯಾಹ್ನ ಪರದೆ ತೆಗೀಬಾರ್ದು. ಯಾರೂ ಅದನ್ನ ಮುಟ್ಬಾರ್ದು."

ನಾನು ಪರದೆ ಎಳೆದೆ. ಮಬ್ಬಿನಲ್ಲಿ ಅಕ್ಕ ಬಹಳ ಹೊತ್ತು ಏಳಲಿಲ್ಲ. ಅಲುಗಾಡಿಸಿದೆ, ಹೆಸರು ಹಿಡಿದು ಕೂಗಿದೆ. ಕೊನೆಗೆ ಕಣ್ಣಿನ ಮೂಲೆಯಿಂದ ನೀರು ಇಳಿದು ಪೌಡರಿನಲ್ಲಿ ಗೆರೆ ಮೂಡಿತು. "ಅಷ್ಟು ಹತ್ತಿರದಿಂದ ನೋಡಿದ್ರಲ್ಲೇ" ಎಂದಳು.

ಆಮೇಲೆ ಮಧ್ಯಾಹ್ನದ ಪರದೆಯ ಹಿಂದೆ ಅಕ್ಕ ನೆಮ್ಮದಿಯಾಗಿ ಕಾಲು ಮೇಲಿಟ್ಟು ಮಲಗಿದಳು. ಗೊಂಬೆಯ ವೇಷ ಬೇಕಿರಲಿಲ್ಲ. ಹುಣ್ಣು ಮುಚ್ಚಿತು, ಕಾಲು ಉಳಿಯಿತು. ಊತ ಪೂರ್ತಿ ಇಳಿಯಲಿಲ್ಲ, ಅದು ಇಳಿಯುವಂಥದ್ದೂ ಅಲ್ಲವಂತೆ. ಯಜಮಾನರು ಮಾತ್ರ ಗೂಡಿನ ಹತ್ತಿರ ಮತ್ತೆ ಸುಳಿಯಲಿಲ್ಲ. ಲೆಕ್ಕ ಮಾಡುವಾಗ ಹೆಬ್ಬೆರಳನ್ನು ಅಂಗಿಗೆ ಉಜ್ಜುವ ಹೊಸ ಚಾಳಿ ಅಂಟಿಸಿಕೊಂಡರು.

ಮಗಳಿಗೆ ಕೆಲಸ ಸಿಕ್ಕ ಮೇಲೆ ಅಕ್ಕ ಅಂಗಡಿ ಬಿಟ್ಟಳು. ಹೇಳಿ ಹೋಗಲು ಯಜಮಾನರ ಮುಂದೆ ನಿಂತಾಗ ನಾನೂ ಜೊತೆಗಿದ್ದೆ. "ಯಾವ ಕೌಂಟರಮ್ಮ ನಿಂದು?" ಎಂದರು ಅವರು. ಅಕ್ಕ ಬಟ್ಟೆಯ ಅಂಚನ್ನು ಒಂದಿಷ್ಟು ಎತ್ತಿ, ಎಡಗಾಲನ್ನು ಚಪ್ಪಲಿಯಿಂದ ಹೊರತೆಗೆದು, ಬಾಗಿ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಬಿದ್ದಿತ್ತು. ಯಜಮಾನರು ಅದನ್ನೇ ನೋಡುತ್ತಾ ಕುರ್ಚಿಯಿಂದ ಎದ್ದು ನಿಂತರು. ಆ ಕುರ್ಚಿಯನ್ನೇ ಅವಳ ಕಡೆ ತಳ್ಳಿ, "ಕೂತ್ಕೊಳಮ್ಮ" ಎಂದರು.

"ಬೇಡ ಬಿಡಿ ಯಜಮಾನ್ರೇ, ಹೊರಟೆ" ಎಂದಳು ಅಕ್ಕ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ಅವರು ನಿಂತೇ ಇದ್ದರು.